ಬೆನ್ನ ಹಿಂದಿನ ಸೀಟು

ಮಾರ್ಚ್ ೩, ಸೋಮವಾರ

ಇವರ ಕಾರನ್ನು ಇವತ್ತು ಬೆಳಿಗ್ಗೆ ಮಾರಿಬಿಟ್ಟೆ. ಬಂದವನು ನಾಲ್ಕು ಚಕ್ರಕ್ಕೂ ಒಂದೊಂದು ಒದೆ ಕೊಟ್ಟು, ಬಾನೆಟ್ ಎತ್ತಿ ಇಳಿಸಿ, ಓಡಿಸಿಕೊಂಡು ಹೋದ. ಇವರು ತೀರಿಕೊಂಡು ಎಂಟು ತಿಂಗಳಾಯಿತು. ಅಲ್ಲಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ನನ್ನ ಓಡಾಟ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ, ನಾದಿನಿಯದು ಬಸ್ಸಿನಲ್ಲಿ.

ನಾದಿನಿ ಆಸ್ಪತ್ರೆಯಿಂದ ಬಂದವಳು ಗೇಟು ತೆಗೆದು ಅಲ್ಲೇ ನಿಂತಳು. ಕಾರಿದ್ದ ಜಾಗ ನೋಡಿದಳು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಲೇ ಇದ್ದೆ. ಅಳುತ್ತಾಳೇನೋ ಎಂದುಕೊಂಡೆ, ಅಳಲಿಲ್ಲ. ಒಳಗೆ ಬಂದು, "ಅಣ್ಣನ ಕಾರು ಮಾರೋ ಮುಂಚೆ ಒಂದು ಮಾತು ಹೇಳಬೇಕು ಅಂತ ಅನಿಸಲಿಲ್ವಾ ಅತ್ತಿಗೆ?" ಎಂದಳು. ಕಾರು ನನ್ನ ಹೆಸರಿಗೆ ಬಂದಿತ್ತು, ನಾನು ಮಾರಿದೆ ಎಂದೆ. ಅವಳು ಪೊರಕೆ ತೆಗೆದುಕೊಂಡು ಹೋಗಿ ಆ ಜಾಗವನ್ನು ಅರ್ಧ ಗಂಟೆ ಗುಡಿಸಿದಳು. ಎಣ್ಣೆಯ ಕಲೆ ಗುಡಿಸಿದರೆ ಹೋಗುತ್ತದೆಯೇ? ನನಗೆ ಕೇಳಿಸಲಿ ಅಂತ ಗುಡಿಸಿದ್ದು.

ಆ ಕಾರಿನ ಮೇಲೆ ನನಗೇನೂ ಮಮಕಾರವಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಈ ಮನೆಯ ಕಾರುಗಳು ಬದಲಾದವು, ಕೂರುವ ಕ್ರಮ ಬದಲಾಗಲಿಲ್ಲ. ಇವರು ಓಡಿಸುವುದು, ಪಕ್ಕದಲ್ಲಿ ನಾನು, ಹಿಂದೆ ಅವಳು. ನನ್ನ ಮದುವೆಗೆ ಮೊದಲು ಮುಂದಿನ ಸೀಟು ಅವಳದಾಗಿತ್ತಂತೆ. ಮದುವೆಯಾದ ವಾರ ನಾನು ಮುಂದಿನ ಬಾಗಿಲು ತೆಗೆದು ಕೂತೆ. ಅವಳು ಬಾಯಿ ಮುಚ್ಚಿಕೊಂಡು ಹಿಂದೆ ಹೋದಳು. ಬಾಯಿ ಮುಚ್ಚಿದ್ದು ಅದೊಂದೇ ದಿನ. ಆಮೇಲೆ ಹೇಳಬೇಕಾದ್ದನ್ನೆಲ್ಲ ನನ್ನ ಕತ್ತಿನ ಹಿಂಭಾಗಕ್ಕೆ ಹೇಳಿದಳು. ಸಾರಿಗೆ ಉಪ್ಪು ಜಾಸ್ತಿಯಾದದ್ದು, ನಾನು ಜೋರಾಗಿ ನಕ್ಕದ್ದು, ಪರದೆಗೆ ಆರಿಸಿದ ಬಣ್ಣ, ಎಲ್ಲವೂ ಹಿಂದಿನಿಂದಲೇ ಬಂದವು.

ಇನ್ನು ಮೇಲೆ ನನ್ನ ಕಾರು ನನ್ನದು. ಇಪ್ಪತ್ತನಾಲ್ಕು ವರ್ಷ ಕಲಿಯುವವರ ಪಕ್ಕ ಕೂತು, ನನ್ನ ಕಾಲಡಿಗಿರುವ ಎರಡನೇ ಬ್ರೇಕು ಒತ್ತಿಕೊಂಡೇ ಬದುಕಿದ್ದೇನೆ. ಮೂರನೇ ಗೇರಿನಾಚೆಗೆ ಹೋದದ್ದು ಕಡಿಮೆ. ಐವತ್ತು ತುಂಬಿತು. ದಿನಾ ಓಡಿಸಲು ಒಂದು ಸ್ಪೋರ್ಟ್ಸ್ ಕಾರು ತೆಗೆದುಕೊಳ್ಳುತ್ತೇನೆ. ಹಳೆಯದಾದರೂ ಸರಿ.

ಮಾರ್ಚ್ ೫, ಬುಧವಾರ

ಮಧ್ಯಾಹ್ನ ಹಳೆ ಕಾರು ಮಾರುವವನ ಹತ್ತಿರ ಹೋದೆ. ಸ್ಪೋರ್ಟ್ಸ್ ಕಾರು ತೋರಿಸಪ್ಪ ಎಂದರೆ, "ಮಗನಿಗಾ ಮೇಡಂ?" ಎಂದು ಕೇಳಿದ. ಮಗನೂ ಇಲ್ಲ, ಮಗಳೂ ಇಲ್ಲ, ನನಗೇ ಎಂದೆ. ನನ್ನ ನರೆತ ಕೂದಲನ್ನೂ ಸವೆದ ಚಪ್ಪಲಿಯನ್ನೂ ನೋಡಿ ನಗು ನುಂಗಿಕೊಂಡ. ಆ ನಗುವಿನ ಸಿಟ್ಟಿಗೇ ಅವನ ಕೈಲಿ ಎರಡು ಕಾರಿನ ಹೊದಿಕೆ ತೆಗೆಸಿದೆ.

ಒಂದು ಬೂದು ಬಣ್ಣದ್ದು, ಒಂಬತ್ತು ವರ್ಷ ಹಳೆಯದು. ಬಾಗಿಲು ಎರಡೇ ಆದರೂ ಸೀಟು ನಾಲ್ಕು. ಮುಂದಿನ ಸೀಟನ್ನು ಮಡಚಿ ನುಸುಳಿಕೊಂಡು ಹಿಂದೆ ಹೋಗಬೇಕು. ಇನ್ನೊಂದು ಹಳದಿ, ಹನ್ನೊಂದು ವರ್ಷದ್ದು. ಬಟ್ಟೆಯ ಟಾಪು, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಮಲಗಿದ ಹಾಗಿದೆ. ಸೀಟು ಎರಡೇ. ಹಿಂದಿನ ಸೀಟು ಇರಬೇಕಾದ ಕಡೆ ಎಂಜಿನ್ ಕೂರಿಸಿದ್ದಾರೆ.

ನೋಡಿದ ಕೂಡಲೇ ಬೂದು ಕಾರು ಸರಿ ಅನಿಸಿತು. ಹಿಂದೆ ಸೀಟಿದೆ. ಅವಳು ಹತ್ತುವ ಸಂದರ್ಭ ಬಂದರೆ ಅಲ್ಲಿ ಕೂರಲಿ. ಮೊಣಕಾಲು ಗಲ್ಲಕ್ಕೆ ತಾಗುವಷ್ಟು ಇಕ್ಕಟ್ಟು. ಬಹಳ ಒಳ್ಳೆಯದು.

ಸಂಜೆ ಅವಳೇ ಒಂದು ಸುದ್ದಿ ತಂದಳು. ಅವಳು ರಕ್ತ ಪರೀಕ್ಷೆಯ ವಿಭಾಗದಲ್ಲಿ ಕೆಲಸ ಮಾಡುವುದು; ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯಬೇಕು. ಆಸ್ಪತ್ರೆಯವರು ಒಳಗೇ ಒಂದು ಕೋಣೆಯ ಕ್ವಾರ್ಟರ್ಸ್ ಕೊಡುತ್ತಾರಂತೆ. ಬೇಕೋ ಬೇಡವೋ ಈ ತಿಂಗಳ ಕೊನೆಯೊಳಗೆ ಹೇಳಬೇಕಂತೆ. ಹೇಳಿ ನನ್ನ ಮುಖವನ್ನೇ ನೋಡುತ್ತಾ ನಿಂತಳು. "ತಗೋ. ಯಾಕೆ ಬಿಡ್ತೀಯ" ಎಂದೆ. ಸರಿ ಎಂದಳು. ಊಟ ಮಾಡಿ ತಟ್ಟೆ ತೊಳೆದಿಟ್ಟು ಹೋದಳು. ನನ್ನ ತಟ್ಟೆ ಅಲ್ಲೇ ಇತ್ತು.

ಮಾರ್ಚ್ ೮, ಶನಿವಾರ

ಬೂದು ಕಾರನ್ನು ಓಡಿಸಿ ನೋಡಿದೆ. ನಾನು ಕರೆಯಲಿಲ್ಲ, ಅವಳು ಬಂದಳು. ಅಣ್ಣನ ಕಾರು ಮಾರಿ ಎಂಥದು ತರುತ್ತೀರೋ ನೋಡುತ್ತೇನೆ ಎಂದು ಬಂದಳು. ಯಾರೂ ಹೇಳುವ ಮೊದಲೇ ಮುಂದಿನ ಸೀಟು ಮಡಚಿ ಹಿಂದೆ ನುಸುಳಿದಳು. ನಲವತ್ತಾರು ವರ್ಷದವಳು. ಒಂದು ಕಾಲು ಒಳಗೆ ಹೋಯಿತು, ಇನ್ನೊಂದು ಕಾಲು ಬರಲೊಲ್ಲದು. ಕಾರು ಮಾರುವವನು ಕೈ ಕೊಡಲು ಹೋದರೆ ಬೇಡ ಎಂದಳು. ಅಂತೂ ಮೂಟೆಯ ಹಾಗೆ ಕೂತಳು. ಅವನು ಅಂಗಳದಲ್ಲೇ ಉಳಿದ. ನನ್ನ ಪಕ್ಕದ ಸೀಟು ಖಾಲಿ.

ಕಾರು ಚೆನ್ನಾಗಿಯೇ ಓಡುತ್ತದೆ. ಕ್ಲಚ್ ಬೆಣ್ಣೆಯಂತಿದೆ. ಮೂರನೇ ಗೇರಿನಲ್ಲಿ ಕಾಲು ಒತ್ತಿದರೆ ಬೆನ್ನಿಗೆ ಯಾರೋ ನೂಕಿದ ಹಾಗಾಗುತ್ತದೆ. ಬೆನ್ನಿಗೆ ನೂಕುವವಳು ಹಿಂದೆ ಇದ್ದೇ ಇದ್ದಳು. ಹಾರನ್ ಕೀರಲು, ತಿರುವಿನಲ್ಲಿ ಇಂಡಿಕೇಟರ್ ಹಾಕಲಿಲ್ಲ, ಡ್ರೈವಿಂಗ್ ಕಲಿಸುವವರೇ ಹೀಗೆ ಓಡಿಸಿದರೆ ಕಲಿಯುವವರ ಗತಿ ಏನು ಎಂದೆಲ್ಲ ಹೇಳುತ್ತಿದ್ದಳು.

ಒಂದು ವಿಷಯ ಮಾತ್ರ ಮೊದಲು ತಿಳಿದಿರಲಿಲ್ಲ. ಓಡಿಸುವವರ ಜಾಗದಲ್ಲಿ ಕೂತರೆ ಹಿಂದೆ ಕೂತವರ ಮುಖ ಕನ್ನಡಿಯಲ್ಲಿ ಪೂರ್ತಿ ಕಾಣುತ್ತದೆ. ಪಕ್ಕದಲ್ಲಿ ಕೂತ ನನಗೆ ಅದು ಯಾವತ್ತೂ ಕಂಡಿರಲಿಲ್ಲ. ಇವರಿಗೆ ದಿನಾ ಕಂಡಿರಬೇಕು. ಬಾಯಿ ನನ್ನನ್ನು ಬೈಯುತ್ತಿದ್ದರೂ ಅವಳ ಕಣ್ಣು ಖಾಲಿ ಸೀಟಿನ ಮೇಲೆಯೇ ಇತ್ತು. ಕನ್ನಡಿಯನ್ನು ಮೇಲಕ್ಕೆ ತಿರುಗಿಸಿದೆ. ರಸ್ತೆ ಕಾಣದಿದ್ದರೂ ಚಿಂತೆಯಿಲ್ಲ.

ಪಕ್ಕದ ಸೀಟಿನ ಬೆಲ್ಟು ದಾರಿಯುದ್ದಕ್ಕೂ ಟಕಟಕ ಎನ್ನುತ್ತಿತ್ತು. ಇದು ಈ ಕಾರಿನ ದೋಷ. ಬರೆದಿಟ್ಟುಕೊಂಡಿದ್ದೇನೆ.

ಮಾರ್ಚ್ ೯, ಭಾನುವಾರ

ನಮ್ಮ ಸ್ಕೂಲಿನ ಕಾರುಗಳನ್ನು ರಿಪೇರಿ ಮಾಡುವ ಮೆಕ್ಯಾನಿಕ್ಕನನ್ನು ಎಲ್ಲರೂ ಕರೆಯುವುದು ಸ್ಪ್ಯಾನರ್ ಎಂದೇ. ಅವನನ್ನು ಕರೆದುಕೊಂಡು ಹೋಗಿ ಎರಡೂ ಕಾರಿನ ಕೆಳಗೆ ಮಲಗಿಸಿದೆ. ಎದ್ದು ಬಂದವನು ಬಟ್ಟೆ ಕೊಡವಿಕೊಂಡು, ದಿನದ ಓಡಾಟಕ್ಕೆ ಬೂದು ಕಾರೇ ಎಂದ. ಹಳದಿಯ ಕ್ಲಚ್ ಕಲ್ಲಿನಂತಿದೆ, ಹೊಟ್ಟೆ ರಸ್ತೆಯ ಹಂಪ್‌ಗೆ ತಾಗುತ್ತದೆ, ಡಿಕ್ಕಿಯಲ್ಲಿ ಒಂದು ಕುಂಬಳಕಾಯಿ ಇಟ್ಟರೆ ಇನ್ನೊಂದಕ್ಕೆ ಜಾಗವಿಲ್ಲ, ಎಂಜಿನ್‌ಗೆ ಕೈ ಹಾಕಲು ತನಗೆ ಇನ್ನೊಂದು ಮೊಣಕೈ ಬೇಕು ಎಂದ. "ಹಳದಿ ನೋಡೋಕೆ ಚೆಂದ ಮೇಡಂ. ಬೂದು ಬಾಳೋಕೆ."

ಸರಿ. ಬೂದು.

ಮಾರ್ಚ್ ೧೫, ಶನಿವಾರ

ನೋಡದೆ ಬಿಟ್ಟೆ ಎಂದಾಗಬಾರದು ಅಂತ ಹಳದಿಯನ್ನೂ ಓಡಿಸಿ ನೋಡಲು ಹೋದೆ. ಅವಳೂ ಬಂದಳು. ಅವಳು ಬರುವುದು ಬೇಡ ಎಂದು ಹೇಳಬೇಕೆಂದಿದ್ದೆ, ಹೇಳಲಿಲ್ಲ, ಬಸ್ಸು ಬಂದುಬಿಟ್ಟಿತು.

ಇವತ್ತಿನ ಅವಮಾನವನ್ನು ಇಲ್ಲಿ ಬರೆದು ಮುಗಿಸುತ್ತೇನೆ. ಕಾರು ಮಾರುವವನು ಕೀಲಿ ಕೈಗಿತ್ತ. ನಾನು ಕಾರನ್ನು ಸುತ್ತಿ ಹೋಗಿ ಬಾಗಿಲು ತೆಗೆದೆ. ನೋಡಿದರೆ ಅದೇ ಬಾಗಿಲಿಗೆ ಅವಳೂ ಕೈ ಹಾಕಿದ್ದಾಳೆ. ಅವಳಿಗೆ ಹಿಂದೆ ಹೋಗಲು ಸೀಟು ಮಡಚಬೇಕಿತ್ತು, ಇಲ್ಲಿ ಹಿಂದೆಯೇ ಇಲ್ಲ. ನಾನೋ, ಇಪ್ಪತ್ತನಾಲ್ಕು ವರ್ಷದ ಅಭ್ಯಾಸ, ಕಲಿಸುವವರ ಸೀಟಿನ ಕಡೆಗೆ ಕಾಲು ತಾನಾಗಿ ಹೋಗಿದೆ. ಇಬ್ಬರೂ ಒಂದೇ ಬಾಗಿಲಲ್ಲಿ ನಿಂತಿದ್ದೇವೆ, ಓಡಿಸುವವರ ಸೀಟು ಖಾಲಿ. "ಮೇಡಂ, ಓಡಿಸೋರು ಇನ್ನೂ ಬರಬೇಕಾ?" ಎಂದು ಅವನು ಕೇಳಿದ. ಈ ಸಲ ನಗು ನುಂಗಲಿಲ್ಲ.

ನಾನು ಸುತ್ತಿ ಬಂದು ಸ್ಟಿಯರಿಂಗ್ ಹಿಡಿದೆ. ಅವಳು ಬಾಗಿಲಲ್ಲೇ ನಿಂತಿದ್ದಳು. ಕೂರಲೋ ಬೇಡವೋ ಎಂದು ಯಾರಾದರೂ ಹೇಳಲಿ ಎನ್ನುವ ಹಾಗೆ ನಿಂತಿದ್ದಳು. ನಾನು ಹೇಳಲಿಲ್ಲ. ಕೊನೆಗೆ ತಾನೇ ಕೂತಳು. ಸೀಟು ಎಷ್ಟು ಕೆಳಗಿದೆಯೆಂದರೆ ಕೂತಳು ಎನ್ನುವುದಕ್ಕಿಂತ ಬಿದ್ದಳು ಎನ್ನಬೇಕು.

ಪಕ್ಕದಲ್ಲಿ ಕೂತು ಮಾತಾಡಿ ಅವಳಿಗೆ ಅಭ್ಯಾಸವಿಲ್ಲ. ಕೈಚೀಲವನ್ನು ತಬ್ಬಿಕೊಂಡು ಸುಮ್ಮನೆ ಮುಂದೆ ನೋಡುತ್ತಿದ್ದಳು. ಆ ಮೌನ ನನಗೆ ಬೈಗುಳಕ್ಕಿಂತ ಹೆಚ್ಚು ಕಾಟ ಕೊಟ್ಟಿತು. ನೀರಿನ ಟ್ಯಾಂಕಿನ ಏರಿನಲ್ಲಿ ಮುಂದಿನ ಲಾರಿ ನಿಂತಿತು. ನಾನೂ ನಿಲ್ಲಿಸಿದೆ. ಹೊರಡುವಾಗ ಆ ಕಲ್ಲಿನಂಥ ಕ್ಲಚ್ಚು ಕೈಕೊಟ್ಟು ಕಾರು ಜಗ್ಗಿ ಆಫ್ ಆಯಿತು. ಮೊದಲ ದಿನ ಕಲಿಯಲು ಬಂದವರ ಹಾಗೆ.

ಅವಳು ನಕ್ಕಳು. ಜೋರಾಗಿಯೇ ನಕ್ಕಳು. ಆಮೇಲೆ, "ಅಣ್ಣನಿಗೂ ಇದೇ ಏರಲ್ಲಿ ಆಫ್ ಆಗಿತ್ತು. ಎರಡು ಸಲ. ಎರಡು ಸಲವೂ ಫೇಲ್ ಮಾಡಿದ್ರು" ಎಂದಳು.

ಇವರು ಲೈಸೆನ್ಸ್ ಪರೀಕ್ಷೆಯನ್ನು ಮೊದಲ ಸಲಕ್ಕೇ ಪಾಸಾದವರು ಎಂದೇ ನಾನು ತಿಳಿದಿದ್ದೆ. ಇವರೇ ಹೇಳಿದ್ದು. ಫೇಲಾಗಿ ಬಂದ ಪ್ರತಿಯೊಬ್ಬರ ಮುಂದೆಯೂ, ನಮ್ಮ ಮನೆಯವರನ್ನು ನೋಡಿ ಕಲಿಯಿರಿ ಎಂದು ಹೇಳುತ್ತಾ ಬಂದಿದ್ದೇನೆ. "ಹೆಂಡತಿ ಡ್ರೈವಿಂಗ್ ಕಲಿಸೋಳು, ಅವಳಿಗೆ ಹೇಳಬೇಡ ಅಂದಿದ್ದ" ಎಂದಳು ನಾದಿನಿ. ಹಿಂದಿನ ಲಾರಿ ಹಾರನ್ ಹೊಡೆಯಿತು. ಎರಡನೇ ಸಲಕ್ಕೆ ಕಾರು ಹೊರಟಿತು.

ಮಾರ್ಚ್ ೧೬, ಭಾನುವಾರ

ಜಗಳ. ನಾನೇ ತೆಗೆದೆ. ಅಣ್ಣ ತಂಗಿ ಸೇರಿ ಇನ್ನೂ ಏನೇನು ಮುಚ್ಚಿಟ್ಟಿದ್ದೀರಿ ಎಂದು ಕೇಳಿದೆ. ಬಟ್ಟೆ ಹಿಂಡುತ್ತಾ ಇದ್ದವಳು ತಲೆಯೆತ್ತದೆ, "ಬೇಕಾದಷ್ಟಿದೆ. ಕ್ವಾರ್ಟರ್ಸಿಗೆ ಹೋಗ್ತಾ ಜೊತೆಗೆ ತಗೊಂಡು ಹೋಗ್ತೀನಿ ಬಿಡಿ. ನಿಮಗೆ ಮನೆ ಖಾಲಿ ಸಿಗುತ್ತೆ" ಎಂದಳು.

ನನಗೆ ತಲೆಗೇರಿತು. ನಿನ್ನಿಂದ ಇಪ್ಪತ್ತೆರಡು ವರ್ಷ ಗಂಡನ ಜೊತೆ ಒಂದು ಗುಟ್ಟಿನ ಮಾತಾಡಲು ಆಗಲಿಲ್ಲ ಎಂದೆ. ನಿಮ್ಮಿಂದ ಇಪ್ಪತ್ತೆರಡು ವರ್ಷ ಅಣ್ಣನ ಮುಖ ನೋಡಿ ಮಾತಾಡಲಿಲ್ಲ, ಬರೀ ಅವನ ಕಿವಿ ನೋಡಿದೆ ಎಂದಳು. ಆಗ ನಾನು ಹೇಳಿದ ಮಾತು ಇದು: "ನಾನು ತಗೊಳ್ಳೋ ಕಾರಲ್ಲಿ ನಿನಗೆ ಜಾಗ ಇಲ್ಲ. ನೆನಪಿಟ್ಟುಕೋ."

ಹೇಳಿದ್ದು ಸರಿಯಾಗಿಯೇ ಇದೆ. ಮತ್ತೆ ಓದಿದರೂ ಸರಿ ಅನಿಸುತ್ತದೆ.

ಮಾರ್ಚ್ ೧೯, ಬುಧವಾರ

ಮಾತಿಲ್ಲ. ಅವಳ ಅಡುಗೆ ಅವಳಿಗೆ, ನನ್ನದು ನನಗೆ. ಒಲೆಗೂ ಪಾಳಿ.

ಸ್ಕೂಲಿಗೆ ಕಲಿಯಲು ಬರುವ ದರ್ಜಿಯಮ್ಮ ಲೈಸೆನ್ಸ್ ಪರೀಕ್ಷೆ ಫೇಲಾಗಿ ಬಂದು ಕಾರಿನಲ್ಲೇ ಅತ್ತಳು. ನಮ್ಮ ಮನೆಯವರೂ ಎರಡು ಸಲ ಫೇಲಾಗಿದ್ದರು, ಟ್ಯಾಂಕಿನ ಏರಿನಲ್ಲಿ, ಎಂದೆ. ಕಣ್ಣೊರೆಸಿಕೊಂಡು, ಹೌದಾ, ಆಮೇಲೆ ಹೇಗೆ ಪಾಸಾದರು ಎಂದು ಕೇಳಿದಳು. ನನಗೆ ಗೊತ್ತಿಲ್ಲ. ಗೊತ್ತಿರುವವಳು ಒಬ್ಬಳಿದ್ದಾಳೆ, ಅವಳನ್ನು ಕೇಳುವವಳು ನಾನಲ್ಲ.

ಮಾರ್ಚ್ ೨೨, ಶನಿವಾರ

ಬೂದು ಕಾರನ್ನು ಇನ್ನೊಂದು ಸಲ ಒಬ್ಬಳೇ ಓಡಿಸಿದೆ. ದೋಷಗಳು ಒಂದೊಂದಾಗಿ ಕಾಣುತ್ತಿವೆ. ಬೆಲ್ಟಿನ ಟಕಟಕ. ಬಣ್ಣ ಬೂದಿಯಂತಿದೆ. ಹಿಂದಿನ ಸೀಟಿನಲ್ಲಿ ಯಾರೂ ಇಲ್ಲದಿದ್ದರೂ ಕನ್ನಡಿಯಲ್ಲಿ ಅದೇ ಕಾಣುತ್ತದೆ. ಇದ್ದರೆ ಇನ್ನೂ ಕಷ್ಟ, ಅದೂ ಗೊತ್ತಾಗಿದೆ. ಒಳಗೆ ನುಸುಳಲು ಮನುಷ್ಯರು ಹಾವಾಗಿ ಹುಟ್ಟಬೇಕು. ಮೊಣಕಾಲು ಎಲ್ಲಿಡುವುದು? ಆರೋಗ್ಯವಂತರಿಗೂ ಸೊಂಟ ಹಿಡಿಯುತ್ತದೆ. ದಿನಾ ಬೆಳಿಗ್ಗೆ ಹೀಗೆ ಹತ್ತಿ ಇಳಿಯುವುದು ಸಾಧ್ಯವೇ?

ಹಳದಿಯನ್ನೇ ಮಾತಾಡಿ ಮುಗಿಸಿದೆ.

ಸ್ಪ್ಯಾನರ್‌ಗೆ ಫೋನು ಮಾಡಿ ಹೇಳಿದೆ. ದಿನಾ ಓಡಿಸುವುದಕ್ಕಾ ಮೇಡಂ ಇದು ಎಂದ. ದಿನಾ ಎಂದೆ. ಕ್ಲಚ್ಚು ಎಂದ. ಕಾಲು ಗಟ್ಟಿಯಿದೆ ಎಂದೆ. ಯಾರಾದರೂ ಬಂದರೆ ಹಿಂದೆ ಕೂರಿಸಲು ಎಂದು ಶುರುಮಾಡಿದ. "ಹಿಂದೆ ಯಾರೂ ಕೂರೋದು ಬೇಡ ಕಣಯ್ಯ. ಸಾಕಾಗಿದೆ" ಎಂದು ಫೋನಿಟ್ಟೆ.

ನನ್ನ ದುಡ್ಡು, ನನ್ನ ಕಾರು. ಇವನಿಗೇಕೆ ಕಾರಣ ಹೇಳಬೇಕು?

ಮಾರ್ಚ್ ೨೪, ಸೋಮವಾರ

ಹಳದಿ ಮನೆಗೆ ಬಂತು. ಗೇಟಿನ ಬಳಿಯ ಹಂಪಿನಲ್ಲಿ ಹೊಟ್ಟೆ ಕೆರೆದುಕೊಂಡು ಬಂತು.

ಅವಳು ಜಗಲಿಗೆ ಬಂದಳು. ಕಾರನ್ನು ಈ ಕಡೆಯಿಂದ ಆ ಕಡೆಯವರೆಗೆ ನೋಡಿದಳು. ಇವರ ಕಾರಿನ ಎಣ್ಣೆ ಕಲೆಯ ಮೇಲೆ ಅದು ನಿಂತಿದ್ದನ್ನೂ ನೋಡಿದಳು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ, "ಒಂದು ಸೀಟು ನಿಮಗೆ, ಒಂದು ನಿಮ್ಮ ಕೈಚೀಲಕ್ಕೆ. ಹೇಳಿದ ಹಾಗೇ ಮಾಡಿದ್ರಿ ಅತ್ತಿಗೆ. ಮಾತಿಗೆ ತಪ್ಪೋರಲ್ಲ ನೀವು" ಎಂದು ಒಳಗೆ ಹೋದಳು.

ಅಟ್ಟದಿಂದ ಪೆಟ್ಟಿಗೆ ಇಳಿಸಿದ ಸದ್ದು ಕೇಳಿಸಿತು. ಹೋಗಿ ಹೇಳಬಹುದಿತ್ತು. ಏನು ಹೇಳುವುದು? ಅವಳಿಗೆ ಅಷ್ಟು ಅವಸರವಿದ್ದರೆ ಹೋಗಲಿ. ತಪ್ಪು ತಿಳಿಯುವುದರಲ್ಲಿ ಮೊದಲಿನಿಂದಲೂ ಎತ್ತಿದ ಕೈ.

ಮಾರ್ಚ್ ೨೫, ಮಂಗಳವಾರ

ಎರಡು ಪೆಟ್ಟಿಗೆ ತುಂಬಿದೆ.

ಮಾರ್ಚ್ ೨೭, ಗುರುವಾರ

ಇವರ ಸ್ವೆಟರ್ ಒಂದನ್ನು ಪೆಟ್ಟಿಗೆಗೆ ಹಾಕಿಕೊಂಡಿದ್ದಾಳೆ. ತೆಗೆದಿಡು ಎಂದೆ. ಹೆಣೆದಿದ್ದು ನಾನು ಎಂದಳು. ಅದೂ ನನಗೆ ಗೊತ್ತಿರಲಿಲ್ಲ, ಅಂಗಡಿಯದು ಎಂದುಕೊಂಡಿದ್ದೆ. ಕುತ್ತಿಗೆಯ ಹತ್ತಿರ ಒಂದು ಹೆಣಿಗೆ ತಪ್ಪಿದೆ, ಬೇಕಾದರೆ ನೋಡಿ ಎಂದು ಬಿಚ್ಚಿ ತೋರಿಸಿದಳು. ತಪ್ಪಿತ್ತು.

ಇವತ್ತು ಬೆಳಿಗ್ಗೆ ಸ್ಕೂಲಿಗೆ ಹೋಗುವಾಗ ಆಸ್ಪತ್ರೆಯ ಮುಂದೆಯೇ ಹೋದೆ. ದಾರಿ ಇರುವುದೇ ಅದರ ಮುಂದೆ, ಬೇಕೆಂದು ಹೋದದ್ದಲ್ಲ. ಪಕ್ಕದ ಸೀಟಿನಲ್ಲಿ ನನ್ನ ಕೈಚೀಲ ಇತ್ತು. ಪ್ರತಿ ತಿರುವಿನಲ್ಲೂ ಕೆಳಗೆ ಬಿತ್ತು. ಎಂಥ ಹಾಳು ಕಾರು.

ಮಾರ್ಚ್ ೨೯, ಶನಿವಾರ

ಅವಳ ಕೆಲಸ ಎರಡಕ್ಕೆ ಮುಗಿಯುತ್ತದೆ. ಎರಡಕ್ಕೆ ಹತ್ತು ನಿಮಿಷವಿರುವಾಗಲೇ ಆಸ್ಪತ್ರೆಯೆದುರಿನ ಬಸ್ ಸ್ಟಾಪಿನಲ್ಲಿ ಹೋಗಿ ಕಾರು ನಿಲ್ಲಿಸಿದೆ. ಬಸ್ಸು ನಿಲ್ಲುವ ಜಾಗದಲ್ಲಿ ನಿಲ್ಲಿಸಬಾರದು ಎಂದು ಸಾವಿರಾರು ಜನರಿಗೆ ಕಲಿಸಿದವಳು ನಾನು. ನಿಲ್ಲಿಸಿದೆ.

ಅವಳು ಒಬ್ಬಳು ನರ್ಸಿನ ಜೊತೆ ಬಂದಳು. ನನ್ನನ್ನು ನೋಡಿದಳು, ನೋಡದವಳ ಹಾಗೆ ಕಂಬಕ್ಕೆ ಒರಗಿ ನಿಂತಳು. ಅಲ್ಲಿ ಹಳದಿ ಬಣ್ಣದ್ದು ಬೇರೇನೂ ಇರಲಿಲ್ಲ, ಕಾಣದಿರಲು ಸಾಧ್ಯವೇ ಇಲ್ಲ. ಅಷ್ಟರಲ್ಲಿ ಬಸ್ಸು ಬಂದು ನನ್ನ ಹಿಂದೆ ನಿಂತು ಕಿರುಚತೊಡಗಿತು. ಕಿಟಕಿ ಇಳಿಸಿ ಹತ್ತು ಎಂದೆ. ಬಸ್ಸಿಗೆ ದಾರಿ ಬಿಡಿ ಅತ್ತಿಗೆ, ಜನ ನೋಡುತ್ತಿದ್ದಾರೆ ಎಂದಳು. ನೋಡಲಿ ಎಂದೆ. ನನಗೆ ಅಲ್ಲಿ ಜಾಗ ಇಲ್ಲವಲ್ಲ ಎಂದಳು, ನರ್ಸಿಗೂ ಕೇಳುವ ಹಾಗೆ.

ಬಸ್ಸಿನವನು ಇಳಿದೇ ಬಂದ. ನನ್ನನ್ನು ಗುರುತು ಹಿಡಿದ. ಹಿಂದೆ ನನ್ನ ಹತ್ತಿರವೇ ಕಲಿತವನಂತೆ. ನನ್ನ ಪಾಠವನ್ನು ನನಗೇ ಒಪ್ಪಿಸಲು ಶುರುಮಾಡಿದ. ಅವನ ಮಾತು ಮುಗಿಯಲು ಬಿಡದೆ ಅವಳನ್ನು ಕೇಳಿದೆ:

"ನಮ್ಮ ಮನೇಲಿ ಇರೋದು ಎಷ್ಟು ಜನ?"

ಅವಳು ಬಸ್ಸಿನ ಕಡೆ ನೋಡಿದಳು.

"ಲೆಕ್ಕ ಬರುತ್ತಲ್ಲ ನಿನಗೆ? ದಿನಾ ರಕ್ತದ ಕಣ ಎಣಿಸ್ತೀಯ. ಎಷ್ಟು ಜನ?"

"ಇಬ್ಬರು."

"ಈ ಕಾರಲ್ಲಿ ಸೀಟೆಷ್ಟು?"

ಬಸ್ಸಿನವನು ಬಾಗಿ ಒಳಗೆ ನೋಡಿದ. ಎರಡು ಮೇಡಂ ಎಂದ. ಅವನನ್ನು ಯಾರು ಕೇಳಿದ್ದರು?

ಅವಳು ಹತ್ತಿದಳು. ಈ ಸಲವೂ ಬಿದ್ದಳು. ಬಾಗಿಲು ಹಾಕಿಕೊಂಡಳು. ಟ್ಯಾಂಕಿನ ಏರು ದಾಟಿದ ಮೇಲೆ, ಇದನ್ನು ಮನೆಯಲ್ಲೇ ಹೇಳಬಹುದಿತ್ತಲ್ಲ, ಐದು ದಿನ ಪೆಟ್ಟಿಗೆ ತುಂಬಿಸಿದಿರಿ ಎಂದಳು. ತುಂಬು ಎಂದು ನಾನು ಹೇಳಿದ್ದೆನಾ ಎಂದೆ. ಹೇಳಿದ್ದಿರಿ ಎಂದಳು. ಮನೆ ಬರುವವರೆಗೂ ಅದೇ ಜಗಳ. ಪಕ್ಕದಲ್ಲಿ ಕೂತರೆ ಇನ್ನೂ ಜೋರಾಗಿ ಕೇಳುತ್ತದೆ ಇವಳ ಧ್ವನಿ.

ಮಾರ್ಚ್ ೩೧, ಸೋಮವಾರ

ಬೆನ್ನು ನೋವು. ಕ್ಲಚ್ಚಿನಿಂದ ಎಡಗಾಲಿನ ಮೀನಖಂಡ ಹಿಡಿದುಕೊಂಡಿದೆ. ಸ್ಪ್ಯಾನರ್ ಹೇಳಿದ್ದು ನಿಜ, ಅವನಿಗೆ ಹೇಳುವುದಿಲ್ಲ.

ಆಸ್ಪತ್ರೆಗೆ ಇವತ್ತು ಉತ್ತರ ಕೊಡಬೇಕಿತ್ತು. ಸಂಜೆ ನಾನೇ ಕೇಳಿದೆ, ಏನು ಮಾಡಿದೆ ಎಂದು. ಬೇಡ ಎಂದು ಬರೆದುಕೊಟ್ಟೆ ಎಂದಳು, ತರಕಾರಿ ಹೆಚ್ಚುತ್ತಾ. ಇಬ್ಬರಿಗಾಗುವಷ್ಟು ಹೆಚ್ಚುತ್ತಿದ್ದಳು. ಸುಮ್ಮನೆ ಬೇಡ ಎಂದರೆ ಒಪ್ಪುವುದಿಲ್ಲವಂತೆ, ಅರ್ಜಿಯಲ್ಲಿ ಕಾರಣ ತುಂಬಲು ಒಂದು ಸಾಲು ಬಿಟ್ಟಿರುತ್ತಾರಂತೆ. ಏನು ಬರೆದೆ ಎಂದು ಕೇಳಿದೆ.

"ಮನೆಯಿಂದ ದಿನಾ ಕಾರಲ್ಲಿ ಬಿಡೋರಿದ್ದಾರೆ ಅಂತ ಬರೆದೆ."

ಯಾರನ್ನು ಕೇಳಿ ಬರೆದಳು? ನನ್ನ ತರಗತಿ ಶುರುವಾಗುವುದು ಎಂಟಕ್ಕೆ. ಇವಳು ಬಾಗಿಲು ತೆಗೆಯಬೇಕಾದ್ದು ಆರಕ್ಕೆ. ಗಡಿಯಾರಕ್ಕೆ ಐದರ ಅಲಾರಂ ಇಟ್ಟಿದ್ದೇನೆ.